ನಾರಾಯಣ ಮೇಘಾಜಿ ಲೋಖಂಡೆ

ನಾರಾಯಣ ಮೇಘಾಜಿ ಲೋಖಂಡೆ (1848 – 9 ಫೆಬ್ರವರಿ 1897) ಇವರು ಮುಂಬಯಿಯ ಹತ್ತಿ ಗಿರಣಿಗಳ ಕಾರ್ಮಿಕರನ್ನು ಸಂಘಟಿಸಿದ ನಾಯಕರು, ಪತ್ರಿಕಾ ಸಂಪಾದಕರು ಹಾಗೂ ಜ್ಯೋತಿರಾವ್ ಫುಲೆಯವರು ಸ್ಥಾಪಿಸಿದ ಸತ್ಯಶೋಧಕ ಸಮಾಜದ ಪ್ರಮುಖ ಕಾರ್ಯಕರ್ತರು. ಭಾರತದ ಕಾರ್ಮಿಕ ಚಳವಳಿಯ ಜನಕರೆಂದು ಇವರನ್ನು ಗುರುತಿಸಲಾಗುತ್ತದೆ. ವಾರಕ್ಕೊಂದು ರಜೆ ಮತ್ತು ಮಧ್ಯಾಹ್ನ ಅರ್ಧ ಗಂಟೆಯ ಊಟದ ಬಿಡುವು ಬೇಕೆಂದು 1884ರಲ್ಲಿ ಇವರ ನೇತೃತ್ವದಲ್ಲಿ ಸುಮಾರು 5,500 ಕಾರ್ಮಿಕರ ಸಹಿಯುಳ್ಳ ಮನವಿ ಸಲ್ಲಿಕೆಯಾಯಿತು. 1890ರ ಜೂನ್‌ನಲ್ಲಿ ಮುಂಬಯಿಯ ಗಿರಣಿ ಮಾಲೀಕರ ಸಂಘ ಭಾನುವಾರದ ರಜೆಗೆ ಒಪ್ಪಿತು. ಮರುವರ್ಷ ಬಂದ 1891ರ ಕಾರ್ಖಾನೆ ಕಾಯ್ದೆಯಲ್ಲಿ ವಾರದ ರಜೆ ಹಾಗೂ ಅರ್ಧ ಗಂಟೆಯ ಮಧ್ಯಾಹ್ನದ ಬಿಡುವು ಕಾನೂನಾಗಿ ಸೇರಿದವು. ಬಂದರು ಕಾರ್ಮಿಕರಿಗೂ ಸರಕು ವಾಹನಗಳ ಚಾಲಕರಿಗೂ ಇಂಥ ರಕ್ಷಣೆ ದೊರೆತದ್ದು ಇದಾದ ಹಲವು ದಶಕಗಳ ನಂತರ.

ಆರಂಭಿಕ ಜೀವನ

ಲೋಖಂಡೆಯವರು 1848ರಲ್ಲಿ ಠಾಣೆಯಲ್ಲಿ ಹೂಮಾಲಿ ಸಮುದಾಯದ ಬಡ ಕುಟುಂಬವೊಂದರಲ್ಲಿ ಜನಿಸಿದರು. ಕುಟುಂಬದ ಮೂಲ ಊರು ಪುಣೆ ಜಿಲ್ಲೆಯಲ್ಲಿತ್ತು. ಠಾಣೆಯಲ್ಲಿಯೇ ಶಾಲಾ ಶಿಕ್ಷಣ ಪಡೆದ ಇವರಿಗೆ ಬಡತನದ ಕಾರಣ ಹೆಚ್ಚಿನ ವ್ಯಾಸಂಗ ಸಾಧ್ಯವಾಗಲಿಲ್ಲ. ಆದರೆ ಆ ಕಾಲದ ದುಡಿಯುವ ವರ್ಗದ ಕುಟುಂಬಗಳಲ್ಲಿ ಅಪರೂಪವಾಗಿದ್ದ ಇಂಗ್ಲಿಷ್ ಓದುಬರಹ ಇವರಿಗೆ ಒದಗಿತ್ತು. ಮನವಿಗಳನ್ನು ಸಿದ್ಧಪಡಿಸಲು, ಆಯೋಗಗಳ ಮುಂದೆ ಕಾರ್ಮಿಕರ ಪರ ವಾದಿಸಲು ಮುಂದೆ ಇದೇ ನೆರವಾಯಿತು.

ಕೆಲಕಾಲ ರೈಲ್ವೆಯ ಅಂಚೆ ವಿಭಾಗದಲ್ಲಿ ಕೆಲಸ ಮಾಡಿದ ನಂತರ ಲೋಖಂಡೆಯವರು ಮುಂಬಯಿಯ ಮಾಂಡವಿ ಪ್ರದೇಶದ ಬಟ್ಟೆ ಗಿರಣಿಯೊಂದರಲ್ಲಿ ಉಗ್ರಾಣದ ಮೇಲ್ವಿಚಾರಕರಾಗಿ ಸೇರಿದರು. ಇವರು ಯಂತ್ರದ ಮುಂದೆ ನಿಂತು ದುಡಿದವರಲ್ಲ. ಆದರೆ ಸಾಮಾನು ಕೊಡುವ ಮತ್ತು ಲೆಕ್ಕ ಇಡುವ ಕೆಲಸದಲ್ಲಿದ್ದುದರಿಂದ ಕಾರ್ಮಿಕರ ದಿನಚರಿ, ಅವರ ಮೇಲೆ ಬೀಳುತ್ತಿದ್ದ ದಂಡ, ಸಂಬಳದ ವಿಳಂಬ ಮತ್ತು ಅಪಘಾತಗಳು ದಿನನಿತ್ಯ ಇವರ ಕಣ್ಣಿಗೆ ಬೀಳುತ್ತಿದ್ದವು.

ಹತ್ತಿ ಗಿರಣಿಗಳಲ್ಲಿ ಕೆಲಸದ ದಿನ

ಮುಂಬಯಿಯ ಮೊದಲ ಹತ್ತಿ ಗಿರಣಿಯನ್ನು 1854ರಲ್ಲಿ ಕಾವಸ್‌ಜಿ ದಾವರ್ ಅವರು ಆರಂಭಿಸಿದರು. ಮುಂದಿನ ಮೂರು ದಶಕಗಳಲ್ಲಿ ಗಿರಣಿಗಳು ವೇಗವಾಗಿ ಹೆಚ್ಚಿದವು. ಕೊಂಕಣದ ರತ್ನಾಗಿರಿ, ಘಟ್ಟದ ಮೇಲಿನ ಸಾತಾರಾ, ಪುಣೆ ಮೊದಲಾದ ಕಡೆಗಳಿಂದ ಸಣ್ಣ ರೈತರು ಮತ್ತು ಕೂಲಿಗಳು ಕೆಲಸ ಅರಸಿ ಬಂದರು. ಅವರನ್ನು ಕೆಲಸಕ್ಕೆ ಸೇರಿಸುವುದು, ತೆಗೆದುಹಾಕುವುದು ಜಾಬರ್ ಎಂಬ ಮುಖಂಡನ ಕೈಯಲ್ಲಿತ್ತು.

ವಿದ್ಯುದ್ದೀಪಗಳು ಬರುವ ಮೊದಲು ಗಿರಣಿಯ ದಿನವನ್ನು ಸೂರ್ಯನೇ ನಿರ್ಧರಿಸುತ್ತಿದ್ದ. ಬೆಳಕು ಹರಿದಾಗ ಆರಂಭವಾದ ಕೆಲಸ ಕತ್ತಲಾಗುವವರೆಗೆ ನಡೆಯುತ್ತಿತ್ತು. ಹೀಗಾಗಿ ಚಳಿಗಾಲದ ದಿನಕ್ಕಿಂತ ಬೇಸಿಗೆಯ ದಿನ ಸುಮಾರು ಎರಡು ಗಂಟೆ ಉದ್ದವಾಗಿದ್ದು, ಹದಿಮೂರು, ಹದಿನಾಲ್ಕು ಗಂಟೆಗಳ ದುಡಿಮೆ ಸಾಮಾನ್ಯವಾಗಿತ್ತು. ಸಂಬಳ ದಿನ ಉದ್ದವಾದಂತೆ ಹೆಚ್ಚುತ್ತಿರಲಿಲ್ಲ.

ಊಟದ ಬಿಡುವು ಆ ಕಾಲದಲ್ಲಿ ಕಠಿಣ ಪ್ರಶ್ನೆಯಾಗಲು ಯಂತ್ರಗಳ ರಚನೆಯೂ ಕಾರಣ. ಗಿರಣಿಯ ಎಲ್ಲ ಯಂತ್ರಗಳೂ ಒಂದೇ ಉಗಿ ಎಂಜಿನ್ನಿನಿಂದ ದಂಡ ಮತ್ತು ಪಟ್ಟಿಗಳ ಮೂಲಕ ತಿರುಗುತ್ತಿದ್ದವು. ಎಂಜಿನ್ ನಿಂತರೆ ಇಡೀ ಗಿರಣಿಯೇ ನಿಲ್ಲುತ್ತಿತ್ತು. ಎಂಜಿನ್ ನಡೆಯುತ್ತಿರುವಾಗ ಕಾರ್ಮಿಕನೊಬ್ಬ ಊಟಕ್ಕೆ ಎದ್ದುಹೋದರೆ ಅವನ ಯಂತ್ರದಲ್ಲಿ ನೂಲು ಕಡಿಯುತ್ತಿತ್ತು, ಅದರ ನಷ್ಟ ಅವನ ಸಂಬಳದ ಮೇಲೆ ಬೀಳುತ್ತಿತ್ತು. ಆದ್ದರಿಂದ ಎಂಜಿನ್ ನಿಲ್ಲಿಸದ ಗಿರಣಿಗಳಲ್ಲಿ ಪಕ್ಕದವನಿಗೆ ಯಂತ್ರ ನೋಡಿಕೊಳ್ಳಲು ಹೇಳಿ ಸರದಿಯಂತೆ ಉಣ್ಣುವುದು, ಇಲ್ಲವೇ ಮನೆಯಿಂದ ತಂದ ಬುತ್ತಿಯನ್ನು ಹತ್ತಿಯ ಧೂಳಿನ ನಡುವೆ ಯಂತ್ರದ ಬಳಿಯೇ ಬಿಚ್ಚುವುದು ಅನಿವಾರ್ಯವಾಗಿತ್ತು. ಕಾರ್ಮಿಕರು ನೀರಿಗೂ ಬೀಡಿಗೂ ದಿನವಿಡೀ ಹೊರಗೆ ಹೋಗಿಬರುತ್ತಾರೆ, ಆದ್ದರಿಂದ ಪ್ರತ್ಯೇಕ ಬಿಡುವಿನ ಅಗತ್ಯವಿಲ್ಲ ಎಂಬುದು ಮಾಲೀಕರ ವಾದ. ಎಲ್ಲರಿಗೂ ಒಂದೇ ಹೊತ್ತಿನಲ್ಲಿ, ಎಂಜಿನ್ ನಿಲ್ಲಿಸಿ ಕೊಡುವ ಬಿಡುವು ಮಾತ್ರ ನಿಜವಾದ ಬಿಡುವು ಎಂಬುದು ಕಾರ್ಮಿಕರ ನಿಲುವು. ಲೋಖಂಡೆಯವರ ಹೋರಾಟದ ತಿರುಳು ಈ ಭೇದದಲ್ಲಿತ್ತು.

ಸತ್ಯಶೋಧಕ ಸಮಾಜ ಮತ್ತು ದೀನಬಂಧು

ಜ್ಯೋತಿರಾವ್ ಫುಲೆಯವರು 1873ರ ಸೆಪ್ಟೆಂಬರ್ 24ರಂದು ಪುಣೆಯಲ್ಲಿ ಸತ್ಯಶೋಧಕ ಸಮಾಜವನ್ನು ಸ್ಥಾಪಿಸಿದರು. ಶೂದ್ರ ಮತ್ತು ಅತಿಶೂದ್ರ ಸಮುದಾಯಗಳ ಶಿಕ್ಷಣ, ಪುರೋಹಿತರಿಲ್ಲದ ವಿವಾಹ, ಜಾತಿಯ ಮೇಲುಕೀಳಿನ ನಿರಾಕರಣೆ ಇವು ಸಮಾಜದ ಮುಖ್ಯ ಕಾರ್ಯಗಳಾಗಿದ್ದವು. ಲೋಖಂಡೆಯವರು 1870ರ ದಶಕದಲ್ಲಿ ಈ ಸಂಘಟನೆಯನ್ನು ಸೇರಿ ಮುಂಬಯಿಯಲ್ಲಿ ಅದರ ಪ್ರಮುಖರಾದರು. ಗಿರಣಿಗಳಿಗೆ ಬಂದ ಕಾರ್ಮಿಕರಲ್ಲಿ ಬಹುಪಾಲು ಜನ ಫುಲೆಯವರು ಯಾರ ಪರವಾಗಿ ಬರೆಯುತ್ತಿದ್ದರೋ ಅದೇ ಸಮುದಾಯಗಳಿಗೆ ಸೇರಿದವರಾಗಿದ್ದರು. ಹಳ್ಳಿಯ ರೈತನ ಪ್ರಶ್ನೆ ಮತ್ತು ನಗರದ ಕಾರ್ಮಿಕನ ಪ್ರಶ್ನೆ ಬೇರೆಯಲ್ಲ ಎಂಬ ತಿಳಿವಳಿಕೆ ಲೋಖಂಡೆಯವರ ಕೆಲಸಕ್ಕೆ ಆಧಾರವಾಯಿತು.

ಕೃಷ್ಣರಾವ್ ಭಾಲೇಕರ್ ಅವರು 1877ರಲ್ಲಿ ಪುಣೆಯಲ್ಲಿ ಆರಂಭಿಸಿದ್ದ ದೀನಬಂಧು ಎಂಬ ಮರಾಠಿ ವಾರಪತ್ರಿಕೆ ಹಣದ ಕೊರತೆಯಿಂದ ನಿಲ್ಲುವ ಸ್ಥಿತಿಗೆ ಬಂದಿತ್ತು. 1880ರಲ್ಲಿ ಲೋಖಂಡೆಯವರು ಅದರ ಹೊಣೆ ಹೊತ್ತು ಮುಂಬಯಿಯಿಂದ ಪ್ರಕಟಿಸತೊಡಗಿದರು. ಮುಂದೆ ಗಿರಣಿಯ ನೌಕರಿಯನ್ನು ಬಿಟ್ಟು ಪತ್ರಿಕೆ ಮತ್ತು ಸಂಘಟನೆಗೇ ಸಮಯ ಮೀಸಲಿಟ್ಟರು. ಕೊನೆಯವರೆಗೂ ಇವರೇ ಪತ್ರಿಕೆಯ ಸಂಪಾದಕರಾಗಿದ್ದರು. ಗಿರಣಿಗಳಲ್ಲಿನ ಕೆಲಸದ ಅವಧಿ, ದಂಡ, ಅಪಘಾತ ಮತ್ತು ಸಂಬಳದ ವಿಷಯಗಳು ದೀನಬಂಧುವಿನಲ್ಲಿ ನಿಯತವಾಗಿ ಪ್ರಕಟವಾಗುತ್ತಿದ್ದವು. ಓದಲು ಬಾರದ ಕಾರ್ಮಿಕರಿಗೆ ಓದು ಬಲ್ಲವರು ಅದನ್ನು ಓದಿಹೇಳುವ ರೂಢಿ ಇತ್ತು.

ಗುರುವಿನೊಂದಿಗೆ ಭಿನ್ನಾಭಿಪ್ರಾಯಗಳೂ ಇದ್ದವು. ರೈತರ ಶೋಷಣೆಯನ್ನು ಕುರಿತ ಫುಲೆಯವರ ಶೇತಕರ್ಯಾಚಾ ಅಸೂಡ್ ಕೃತಿಯ ಆರಂಭದ ಭಾಗಗಳನ್ನು 1883ರಲ್ಲಿ ಪ್ರಕಟಿಸಿದ ದೀನಬಂಧು ಮುಂದಿನ ಭಾಗಗಳ ಪ್ರಕಟಣೆಯನ್ನು ನಿಲ್ಲಿಸಿತು. ಸರ್ಕಾರದ ಮೇಲಿನ ಅದರ ತೀಕ್ಷ್ಣ ಟೀಕೆಗೆ ಸಂಪಾದಕರು ಹಿಂಜರಿದರೆಂದು ಫುಲೆ ಅಸಮಾಧಾನಗೊಂಡರು. ಆದರೂ ಇಬ್ಬರ ಸಂಬಂಧ ಕಡಿಯಲಿಲ್ಲ, ಮುಂಬಯಿಯ ಕಾರ್ಮಿಕರ ಸಭೆಗಳಲ್ಲಿ ಫುಲೆಯವರು ಭಾಷಣ ಮಾಡಿದ್ದುಂಟು.

1884ರ ಮನವಿ

ಭಾರತದ ಮೊದಲ ಕಾರ್ಖಾನೆ ಕಾಯ್ದೆ 1881ರಲ್ಲಿ ಜಾರಿಗೆ ಬಂದಿತು. ಯಂತ್ರಶಕ್ತಿಯನ್ನು ಬಳಸುವ, 100 ಅಥವಾ ಹೆಚ್ಚು ಜನರಿರುವ ಕಾರ್ಖಾನೆಗಳಿಗೆ ಮಾತ್ರ ಅದು ಅನ್ವಯಿಸುತ್ತಿತ್ತು. 7 ವರ್ಷಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳನ್ನು ಕೆಲಸಕ್ಕೆ ಸೇರಿಸುವಂತಿರಲಿಲ್ಲ. 7ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9 ಗಂಟೆಯ ಮಿತಿ, ಒಂದು ಗಂಟೆಯ ಬಿಡುವು ಮತ್ತು ತಿಂಗಳಿಗೆ ನಾಲ್ಕು ರಜೆಗಳನ್ನು ನಿಗದಿಪಡಿಸಲಾಗಿತ್ತು. ವಯಸ್ಕ ಪುರುಷರಿಗಾಗಲೀ ಸ್ತ್ರೀಯರಿಗಾಗಲೀ ಕೆಲಸದ ಮಿತಿಯಾಗಲೀ ಬಿಡುವಾಗಲೀ ಅದರಲ್ಲಿ ಇರಲಿಲ್ಲ.

ಕಾಯ್ದೆಯ ತಿದ್ದುಪಡಿಯನ್ನು ಪರಿಶೀಲಿಸಲು ಮುಂಬಯಿ ಸರ್ಕಾರ 1884ರಲ್ಲಿ ಡಬ್ಲ್ಯು. ಬಿ. ಮುಲಾಕ್ ಅವರ ಅಧ್ಯಕ್ಷತೆಯಲ್ಲಿ ಆಯೋಗವೊಂದನ್ನು ನೇಮಿಸಿತು. ಆಯೋಗದ ಮುಂದೆ ಮಾಲೀಕರೂ ಅಧಿಕಾರಿಗಳೂ ಮಾತನಾಡುವರೇ ಹೊರತು ಕಾರ್ಮಿಕರ ಅಭಿಪ್ರಾಯ ಅಲ್ಲಿಗೆ ತಲುಪುವ ದಾರಿ ಇಲ್ಲವೆಂಬುದನ್ನು ಮನಗಂಡ ಲೋಖಂಡೆಯವರು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಪರೇಲ್ ಪ್ರದೇಶದಲ್ಲಿ ಕಾರ್ಮಿಕರ ಸಭೆಗಳನ್ನು ಕರೆದರು. ಸೆಪ್ಟೆಂಬರ್ 23 ಮತ್ತು 26ರಂದು ನಡೆದ ಈ ಸಭೆಗಳಲ್ಲಿ ಬೇಡಿಕೆಗಳನ್ನು ನಿರ್ಧರಿಸಿ, ಸುಮಾರು 5,500 ಜನರ ಸಹಿಯೊಂದಿಗೆ ಆಯೋಗಕ್ಕೆ ಮನವಿ ಸಲ್ಲಿಸಲಾಯಿತು. ಮನವಿಯಲ್ಲಿದ್ದ ಬೇಡಿಕೆಗಳು ಇವು:

• ಪ್ರತಿ ಭಾನುವಾರ ಎಲ್ಲ ಕಾರ್ಮಿಕರಿಗೂ ಪೂರ್ಣ ದಿನದ ರಜೆ.
• ಪ್ರತಿದಿನ ಮಧ್ಯಾಹ್ನ ಅರ್ಧ ಗಂಟೆಯ ಬಿಡುವು.
• ಬೆಳಗ್ಗೆ 6.30ಕ್ಕೆ ಕೆಲಸ ಆರಂಭಿಸಿ ಸೂರ್ಯಾಸ್ತಕ್ಕೆ ಮುಗಿಸುವುದು.
• ತಿಂಗಳ ಸಂಬಳವನ್ನು ಮುಂದಿನ ತಿಂಗಳ 15ನೆಯ ತಾರೀಖಿನೊಳಗೆ ಕೊಡುವುದು.
• ಕೆಲಸದಲ್ಲಿ ಗಾಯಗೊಂಡವರಿಗೆ ಗುಣವಾಗುವವರೆಗೆ ಸಂಬಳ, ಶಾಶ್ವತವಾಗಿ ಅಂಗವಿಕಲರಾದರೆ ಜೀವನಾಧಾರದ ವ್ಯವಸ್ಥೆ.

ಇಂದಿನ ದೃಷ್ಟಿಯಿಂದ ನೋಡಿದರೆ ಈ ಬೇಡಿಕೆಗಳು ಅತ್ಯಂತ ಸಾಧಾರಣವಾದವು. ಎಂಟು ಗಂಟೆಯ ದಿನವನ್ನಾಗಲೀ ಸಂಬಳದ ಏರಿಕೆಯನ್ನಾಗಲೀ ಮನವಿ ಕೇಳಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ದುಡಿಯುವುದನ್ನು ಒಪ್ಪಿಕೊಂಡು, ನಡುವೆ ಕುಳಿತು ಉಣ್ಣಲು ಅರ್ಧ ಗಂಟೆ ಕೊಡಿ ಎಂಬುದಷ್ಟೇ ಅದರ ಕೋರಿಕೆಯಾಗಿತ್ತು. ಆದರೂ ಭಾರತದ ಕೈಗಾರಿಕಾ ಕಾರ್ಮಿಕರು ತಮ್ಮ ಕೆಲಸದ ಷರತ್ತುಗಳನ್ನು ಸಾಮೂಹಿಕವಾಗಿ ಬರೆದು ಸರ್ಕಾರದ ಮುಂದಿಟ್ಟ ಮೊದಲ ದಾಖಲೆಗಳಲ್ಲಿ ಇದೂ ಒಂದೆಂದು ಪರಿಗಣಿಸಲಾಗಿದೆ. ಇದೇ ಸಂದರ್ಭದಲ್ಲಿ ಬಾಂಬೆ ಮಿಲ್ ಹ್ಯಾಂಡ್ಸ್ ಅಸೋಸಿಯೇಷನ್ ಎಂಬ ಸಂಘ ರೂಪುಗೊಂಡಿತು, ಲೋಖಂಡೆಯವರು ಅದರ ಅಧ್ಯಕ್ಷರಾದರು. ಮನವಿಯಿಂದ ತತ್‌ಕ್ಷಣಕ್ಕೆ ಯಾವ ಕಾನೂನೂ ಬರಲಿಲ್ಲ.

ಭಾನುವಾರದ ರಜೆ

ಮುಂದಿನ ಆರು ವರ್ಷಗಳಲ್ಲಿ ಲೋಖಂಡೆಯವರು ಸಭೆ, ಪತ್ರಿಕಾ ಲೇಖನ ಮತ್ತು ಮನವಿಗಳ ಮೂಲಕ ಅದೇ ಬೇಡಿಕೆಗಳನ್ನು ಮುಂದಿಡುತ್ತಲೇ ಇದ್ದರು. ಗಿರಣಿಗಳಲ್ಲಿ ಆಗ ಯಂತ್ರ ಶುಚಿ ಮಾಡುವ ನೆಪದಲ್ಲಿ ಭಾನುವಾರವೂ ಅರ್ಧ ದಿನ ಕಾರ್ಮಿಕರನ್ನು ಕರೆಸಿಕೊಳ್ಳುವ ಪದ್ಧತಿ ಇತ್ತು. ಹಬ್ಬಗಳ ರಜೆ ಇದೆಯೆಂಬ ಕಾರಣ ನೀಡಿ ಮಾಲೀಕರು ವಾರದ ರಜೆಯನ್ನು ವಿರೋಧಿಸುತ್ತಿದ್ದರು.

ಭಾನುವಾರವೆಂಬುದು ಕ್ರೈಸ್ತರ ದಿನ, ಹಿಂದೂ ಕಾರ್ಮಿಕರಿಗೆ ಅದರ ಅಗತ್ಯವೇನು ಎಂಬ ಆಕ್ಷೇಪಕ್ಕೆ ಲೋಖಂಡೆಯವರು ಖಂಡೋಬಾ ದೇವರ ವಾರವೂ ಭಾನುವಾರವೇ ಎಂದು ಉತ್ತರಿಸಿದರೆಂದು ಹೇಳಲಾಗುತ್ತದೆ. ಮಹಾರಾಷ್ಟ್ರದ ಖಂಡೋಬಾ ಕರ್ನಾಟಕದಲ್ಲಿ ಮೈಲಾರಲಿಂಗನೆಂದು ಪೂಜಿತನಾಗಿದ್ದು, ಇಲ್ಲಿಯೂ ಭಾನುವಾರ ಆ ದೇವರಿಗೆ ವಿಶೇಷ ದಿನವಾಗಿದೆ. ಬೇಡಿಕೆಯನ್ನು ಕಾರ್ಮಿಕರ ಸ್ವಂತ ಬದುಕಿನ ಆಚರಣೆಗಳಿಂದಲೇ ಸಮರ್ಥಿಸುವ ರೀತಿಗೆ ಇದು ಉದಾಹರಣೆ.

1890ರ ಏಪ್ರಿಲ್ 24ರಂದು ಮಹಾಲಕ್ಷ್ಮಿಯ ರೇಸ್‌ಕೋರ್ಸ್ ಮೈದಾನದಲ್ಲಿ ನಡೆದ ಸಭೆಯಲ್ಲಿ ಸುಮಾರು 10,000 ಕಾರ್ಮಿಕರು ಸೇರಿದರು. ಇಬ್ಬರು ಮಹಿಳಾ ಕಾರ್ಮಿಕರು ಈ ಸಭೆಯಲ್ಲಿ ಭಾಷಣ ಮಾಡಿದ್ದು ಆ ಕಾಲಕ್ಕೆ ಅಸಾಧಾರಣ ಸಂಗತಿಯಾಗಿತ್ತು. ಸಭೆಯ ಮನವಿಯನ್ನು ಗಿರಣಿ ಮಾಲೀಕರ ಸಂಘಕ್ಕೆ ಕಳುಹಿಸಲಾಯಿತು. 1890ರ ಜೂನ್ 10ರಂದು ಸಂಘವು ಭಾನುವಾರದ ರಜೆಯನ್ನು ಒಪ್ಪಿಕೊಂಡಿತು. ಈ ಕಾರಣದಿಂದ ಜೂನ್ 10ನ್ನು ಭಾರತದಲ್ಲಿ ವಾರದ ರಜೆ ದೊರೆತ ದಿನವೆಂದು ಇಂದಿಗೂ ನೆನೆಯುವವರಿದ್ದಾರೆ.

1891ರ ಕಾರ್ಖಾನೆ ಕಾಯ್ದೆ

ಮಾಲೀಕರ ಒಪ್ಪಿಗೆ ಸ್ವಯಂಪ್ರೇರಿತವಾದುದಾಗಿದ್ದು, ಅದನ್ನು ಹಿಂತೆಗೆದುಕೊಳ್ಳಲು ಅಡ್ಡಿ ಇರಲಿಲ್ಲ. ಕಾನೂನಿನ ಅಗತ್ಯ ಹಾಗೆಯೇ ಉಳಿದಿತ್ತು. 1890ರಲ್ಲಿ ಭಾರತ ಸರ್ಕಾರ ಕಾರ್ಖಾನೆ ಆಯೋಗವನ್ನು ನೇಮಿಸಿದಾಗ ಲೋಖಂಡೆಯವರು ಮುಂಬಯಿಯ ಕಾರ್ಮಿಕರ ಪರವಾಗಿ ಅದರೊಂದಿಗೆ ಕೆಲಸ ಮಾಡಿದರು. ಅದೇ ವರ್ಷ ಬರ್ಲಿನ್‌ನಲ್ಲಿ ಕಾರ್ಮಿಕರ ಸ್ಥಿತಿಗತಿ ಕುರಿತು ಅಂತರರಾಷ್ಟ್ರೀಯ ಸಮ್ಮೇಳನ ನಡೆದಿದ್ದು, ಬ್ರಿಟಿಷ್ ಸರ್ಕಾರದ ಮೇಲೆ ಅದರ ಒತ್ತಡವೂ ಇತ್ತು.

1891ರಲ್ಲಿ ಅಂಗೀಕಾರಗೊಂಡು 1892ರ ಜನವರಿ 1ರಿಂದ ಜಾರಿಯಾದ ಕಾಯ್ದೆಯು 50 ಅಥವಾ ಹೆಚ್ಚು ಜನರಿರುವ ಕಾರ್ಖಾನೆಗಳಿಗೆ ಅನ್ವಯಿಸಿತು. ಮಕ್ಕಳ ಕನಿಷ್ಠ ವಯಸ್ಸು 9 ವರ್ಷಕ್ಕೆ ಏರಿತು, 9ರಿಂದ 14 ವರ್ಷದವರಿಗೆ ದಿನಕ್ಕೆ 7 ಗಂಟೆಯ ಮಿತಿ ಬಂದಿತು. ಸ್ತ್ರೀಯರಿಗೆ 11 ಗಂಟೆಯ ಮಿತಿ ಮತ್ತು ಒಟ್ಟು ಒಂದೂವರೆ ಗಂಟೆಯ ಬಿಡುವು ನಿಗದಿಯಾಯಿತು. ಮಧ್ಯಾಹ್ನ 12ರಿಂದ 2 ಗಂಟೆಯ ನಡುವೆ ಅರ್ಧ ಗಂಟೆ ಕೆಲಸ ನಿಲ್ಲಿಸಬೇಕೆಂಬ ನಿಯಮ ಹಾಗೂ ವಾರಕ್ಕೊಂದು ರಜೆ ವಯಸ್ಕ ಪುರುಷರಿಗೂ ಅನ್ವಯವಾದವು. ಪುರುಷರ ಕೆಲಸದ ಒಟ್ಟು ಅವಧಿಗೆ ಮಾತ್ರ ಮಿತಿ ಬರಲಿಲ್ಲ. ಅದಕ್ಕೆ 1911ರ ಕಾಯ್ದೆಯವರೆಗೆ ಕಾಯಬೇಕಾಯಿತು. ಸರದಿ ಪದ್ಧತಿಯಲ್ಲಿ ನಡೆಯುವ ಕಾರ್ಖಾನೆಗಳಿಗೆ ಮಧ್ಯಾಹ್ನದ ನಿಲುಗಡೆಯಿಂದ ವಿನಾಯಿತಿಯೂ ಇತ್ತು.

ಈ ಕಾನೂನುಗಳ ಹಿಂದೆ ಕಾರ್ಮಿಕರ ಒತ್ತಾಯವಷ್ಟೇ ಇರಲಿಲ್ಲ. ಭಾರತದ ಗಿರಣಿಗಳ ಅಗ್ಗದ ನೂಲಿನಿಂದ ಪೈಪೋಟಿ ಎದುರಿಸುತ್ತಿದ್ದ ಲ್ಯಾಂಕಷೈರ್‌ನ ಮಾಲೀಕರು ಇಲ್ಲಿಯೂ ಕೆಲಸದ ಅವಧಿಗೆ ಕಡಿವಾಣ ಬೀಳಬೇಕೆಂದು ಬ್ರಿಟಿಷ್ ಸಂಸತ್ತಿನಲ್ಲಿ ಒತ್ತಾಯಿಸುತ್ತಿದ್ದರು. ಹೀಗಾಗಿ ಅಂದಿನ ಹಲವು ರಾಷ್ಟ್ರೀಯವಾದಿ ಪತ್ರಿಕೆಗಳು ಕಾರ್ಖಾನೆ ಕಾಯ್ದೆಗಳನ್ನು ದೇಶೀಯ ಉದ್ಯಮದ ವಿರುದ್ಧದ ಸಂಚೆಂದು ಕಂಡು ವಿರೋಧಿಸಿದವು. ಲೋಖಂಡೆಯವರ ಸ್ಥಾನ ಇವೆರಡರ ನಡುವೆ ಇಕ್ಕಟ್ಟಿನದಾಗಿತ್ತು. ಲ್ಯಾಂಕಷೈರ್‌ನ ಉದ್ದೇಶ ಏನೇ ಇರಲಿ, ಹಸಿದು ದುಡಿಯುವವನಿಗೆ ಬಿಡುವು ಬೇಕೆಂಬುದು ಅವನದೇ ಬೇಡಿಕೆ ಎಂಬುದನ್ನು 1884ರ ಸಹಿಗಳು ತೋರಿಸಿಕೊಟ್ಟಿದ್ದವು.

ಇಂದಿನ ಕರ್ನಾಟಕದ ಭಾಗಗಳಲ್ಲಿ ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ 1887ರಲ್ಲಿ ಆರಂಭವಾಗಿದ್ದ ಗೋಕಾಕ್ ಗಿರಣಿ ಬ್ರಿಟಿಷ್ ಭಾರತದ ಈ ಕಾನೂನಿನ ವ್ಯಾಪ್ತಿಯಲ್ಲಿತ್ತು. ಹಾಸನ ಸೇರಿದಂತೆ ಮೈಸೂರು ಸಂಸ್ಥಾನದ ಜಿಲ್ಲೆಗಳಿಗೆ, ದೇಶೀಯ ಸಂಸ್ಥಾನವಾದ ಕಾರಣ, ಅದು ನೇರವಾಗಿ ಅನ್ವಯಿಸಲಿಲ್ಲ.

ಇತರ ಸಾಮಾಜಿಕ ಕಾರ್ಯಗಳು

ವಿಧವೆಯರ ತಲೆ ಬೋಳಿಸುವ ಪದ್ಧತಿಯ ವಿರುದ್ಧ ಲೋಖಂಡೆಯವರು 1890ರಲ್ಲಿ ಮುಂಬಯಿಯ ಕ್ಷೌರಿಕರ ಸಭೆಯನ್ನು ಸಂಘಟಿಸಿದರು. ಆ ಕೆಲಸವನ್ನು ತಾವು ಮಾಡುವುದಿಲ್ಲವೆಂದು ಕ್ಷೌರಿಕರು ನಿರ್ಧರಿಸಿದರು. ಸುಧಾರಕರ ಉಪದೇಶಕ್ಕಿಂತ ಭಿನ್ನವಾಗಿ, ಕೆಲಸ ಮಾಡುವವರೇ ಕೈ ಹಿಂತೆಗೆಯುವ ಮೂಲಕ ಅನಿಷ್ಟ ಪದ್ಧತಿಯೊಂದನ್ನು ಎದುರಿಸಿದ ಪ್ರಯತ್ನವಿದು. 1893ರ ಆಗಸ್ಟ್‌ನಲ್ಲಿ ಮುಂಬಯಿಯಲ್ಲಿ ಹಿಂದೂ ಮುಸ್ಲಿಂ ಗಲಭೆ ನಡೆದಾಗ ಗಿರಣಿ ಪ್ರದೇಶಗಳಲ್ಲಿ ಶಾಂತಿ ಸ್ಥಾಪನೆಗೆ ಶ್ರಮಿಸಿದರು. ಸರ್ಕಾರ 1895ರಲ್ಲಿ ಇವರಿಗೆ ರಾವ್ ಬಹಾದೂರ್ ಪದವಿ ನೀಡಿತು.

ನಿಧನ

1896ರಲ್ಲಿ ಮುಂಬಯಿಯಲ್ಲಿ ಪ್ಲೇಗ್ ಕಾಣಿಸಿಕೊಂಡು ಇಕ್ಕಟ್ಟಾದ ಚಾಳುಗಳಲ್ಲಿ ವಾಸಿಸುತ್ತಿದ್ದ ಕಾರ್ಮಿಕರನ್ನು ಹೆಚ್ಚಾಗಿ ಬಾಧಿಸಿತು. ಸಾವಿರಾರು ಜನ ನಗರ ತೊರೆದರು. ರೋಗಿಗಳ ನೆರವಿಗಾಗಿ ನಗರದಲ್ಲಿಯೇ ಉಳಿದ ಲೋಖಂಡೆಯವರು ಪ್ಲೇಗಿಗೆ ತುತ್ತಾಗಿ 1897ರ ಫೆಬ್ರವರಿ 9ರಂದು ನಿಧನರಾದರು. ಅದರ ಮರುತಿಂಗಳು, ಮಾರ್ಚ್ 10ರಂದು, ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆಯವರೂ ಪ್ಲೇಗ್ ರೋಗಿಗಳ ಸೇವೆಯಲ್ಲಿ ಮೃತಪಟ್ಟರು.

ಮೌಲ್ಯಮಾಪನ

ಬಾಂಬೆ ಮಿಲ್ ಹ್ಯಾಂಡ್ಸ್ ಅಸೋಸಿಯೇಷನ್ ಅನ್ನು ಭಾರತದ ಮೊದಲ ಕಾರ್ಮಿಕ ಸಂಘವೆಂದು ಕರೆಯುವ ವಿಷಯದಲ್ಲಿ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಅದಕ್ಕೆ ಸದಸ್ಯತ್ವದ ಪಟ್ಟಿ, ನಿಧಿ, ಚಂದಾ, ಲಿಖಿತ ನಿಯಮಾವಳಿ ಯಾವುದೂ ಇರಲಿಲ್ಲ. ಮುಷ್ಕರ ಹೂಡುವುದಕ್ಕಿಂತ ಮನವಿ ಸಲ್ಲಿಸುವುದೇ ಅದರ ಮುಖ್ಯ ವಿಧಾನವಾಗಿತ್ತು. ಲೋಖಂಡೆಯವರು ಕಾರ್ಮಿಕರ ಹಿತೈಷಿಯೇ ಹೊರತು ಕಾರ್ಮಿಕ ಸಂಘದ ನಾಯಕರಲ್ಲ ಎಂಬ ಅಭಿಪ್ರಾಯವೂ ಇದೆ. ಇವರ ನಿಧನದ ನಂತರ ಸಂಘ ಮುಂದುವರಿಯದಿದ್ದುದು ಈ ಅಭಿಪ್ರಾಯಕ್ಕೆ ಪುಷ್ಟಿ ನೀಡುತ್ತದೆ. ಸರ್ಕಾರಿ ಪದವಿಯನ್ನು ಸ್ವೀಕರಿಸಿದ್ದೂ ಟೀಕೆಗೆ ಒಳಗಾಗಿದೆ.

ಇನ್ನೊಂದು ದೃಷ್ಟಿಯಲ್ಲಿ, ಸಂಘ ಕಟ್ಟುವ ಹಕ್ಕಿಗೆ ಕಾನೂನಿನ ಮಾನ್ಯತೆಯೇ ಇಲ್ಲದ ಕಾಲದಲ್ಲಿ ಇವರು ಕೆಲಸ ಮಾಡಿದರು. ಕಾರ್ಮಿಕ ಸಂಘಗಳ ಕಾಯ್ದೆ ಬಂದದ್ದು 1926ರಲ್ಲಿ. ಮಾಲೀಕ, ಅಧಿಕಾರಿ ಮತ್ತು ಸುಧಾರಕರಷ್ಟೇ ಚರ್ಚಿಸುತ್ತಿದ್ದ ವಿಷಯದಲ್ಲಿ ಕಾರ್ಮಿಕರ ಸಹಿ ಹಾಗೂ ಸಭೆಗಳನ್ನು ತಂದು ನಿಲ್ಲಿಸಿದ್ದು ಇವರ ಮುಖ್ಯ ಸಾಧನೆ. ಅರ್ಧ ಗಂಟೆಯ ಬಿಡುವು ಮಾಲೀಕರ ಔದಾರ್ಯವಲ್ಲ, ಕೆಲಸದ ಷರತ್ತು ಎಂಬ ಪರಿಕಲ್ಪನೆ ಇವರ ನಂತರದ ಎಲ್ಲ ಕಾರ್ಮಿಕ ಕಾನೂನುಗಳಲ್ಲಿ ಉಳಿದುಬಂದಿದೆ. ಸತತ ಐದು ಗಂಟೆಗಿಂತ ಹೆಚ್ಚು ದುಡಿಸಬಾರದು, ಅಷ್ಟರೊಳಗೆ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕು ಎಂದು 1948ರ ಕಾರ್ಖಾನೆ ಕಾಯ್ದೆ ಗೊತ್ತುಪಡಿಸಿತು. 150ಕ್ಕಿಂತ ಹೆಚ್ಚು ಕಾರ್ಮಿಕರಿರುವಲ್ಲಿ ಕುಡಿಯುವ ನೀರಿನ ಸೌಲಭ್ಯವುಳ್ಳ ವಿಶ್ರಾಂತಿ ಕೊಠಡಿ ಮತ್ತು ಊಟದ ಕೊಠಡಿ ಇರಬೇಕೆಂದೂ ಅದು ವಿಧಿಸಿತು.

ಗಿರಣಿಯಿಂದ ಬಂದರು ಮತ್ತು ರಸ್ತೆಗೆ

ಗಿರಣಿಗೆ ಗೋಡೆ, ಗೇಟು ಮತ್ತು ನಿಲ್ಲಿಸಬಹುದಾದ ಒಂದು ಎಂಜಿನ್ ಇದ್ದವು. ಬಿಡುವಿನ ಕಾನೂನು ಮೊದಲು ಅಲ್ಲಿಗೇ ತಲುಪಿತು. ಹಡಗಿನಿಂದ ಮೂಟೆ ಇಳಿಸುವವರು ಮತ್ತು ಅದನ್ನು ದೂರದ ಊರುಗಳಿಗೆ ಸಾಗಿಸುವವರು ಬಹುಕಾಲ ಅದರ ಹೊರಗೆ ಉಳಿದರು.

ಬಂದರುಗಳಲ್ಲಿ ಹಡಗು ಬಂದ ದಿನ ಕೆಲಸ, ಇಲ್ಲದ ದಿನ ಇಲ್ಲ ಎಂಬ ಸ್ಥಿತಿ ಇತ್ತು. ತೋಳಿವಾಲಾ ಎಂಬ ಗುಂಪಿನ ಮುಖಂಡನ ಮೂಲಕ ಕೂಲಿಗಳನ್ನು ಪಡೆಯಲಾಗುತ್ತಿತ್ತು. ನಾಳೆ ಕೆಲಸ ಸಿಗುವ ಭರವಸೆ ಇಲ್ಲದವನು ಇಂದಿನ ಬಿಡುವನ್ನು ಕೇಳುವುದು ಕಷ್ಟವಾಗಿತ್ತು. ಬಂದರು ಕಾರ್ಮಿಕರ ಉದ್ಯೋಗವನ್ನು ನಿಯಂತ್ರಿಸುವ 1948ರ ಕಾಯ್ದೆ ಈ ಅನಿಶ್ಚಿತತೆಯನ್ನು ತಗ್ಗಿಸಲು ಕಾರ್ಮಿಕರ ನೋಂದಣಿ ಮತ್ತು ಬಂದರು ಕಾರ್ಮಿಕ ಮಂಡಳಿಗಳಿಗೆ ದಾರಿ ಮಾಡಿತು. ಮುಂಬಯಿ ಬಂದರಿನ ಕಾರ್ಮಿಕರನ್ನು ಈ ಅವಧಿಯಲ್ಲಿ ಸಂಘಟಿಸಿದವರಲ್ಲಿ ಪ್ರಮುಖರು ಇಂದಿನ ಕರ್ನಾಟಕದ ಕರಾವಳಿಯಲ್ಲಿ ಜನಿಸಿದ ಪ್ಲಾಸಿಡ್ ಡಿಮೆಲ್ಲೊ (1919–1958). ಮಂಗಳೂರಿನಿಂದ ಮುಂಬಯಿಗೆ ಹೋದ ಜಾರ್ಜ್ ಫರ್ನಾಂಡಿಸ್ ಅವರು ಇವರ ಗರಡಿಯಲ್ಲಿ ಬೆಳೆದವರು. ಬಂದರು ಕಾರ್ಮಿಕರ ಸುರಕ್ಷತೆ, ಆರೋಗ್ಯ ಮತ್ತು ಕ್ಷೇಮಕ್ಕಾಗಿ ಪ್ರತ್ಯೇಕ ಕಾಯ್ದೆ 1986ರಲ್ಲಿ ಬಂದಿತು.

ರಸ್ತೆಯಲ್ಲಿ ಬಿಡುವಿನ ನಿಯಮ ಮೊದಲು ಕಾಣಿಸಿದ್ದು ಬ್ರಿಟಿಷ್ ಭಾರತದ 1939ರ ಮೋಟಾರು ವಾಹನ ಕಾಯ್ದೆಯಲ್ಲಿ. ಲೋಖಂಡೆಯವರ ಮನವಿಗೆ ಆಗ 55 ವರ್ಷ ತುಂಬಿತ್ತು. ಚಾಲಕರು, ನಿರ್ವಾಹಕರು, ಕ್ಲೀನರುಗಳು ಮೊದಲಾದವರ ಕೆಲಸದ ಷರತ್ತುಗಳನ್ನು ಒಟ್ಟಾಗಿ ಗೊತ್ತುಪಡಿಸಿದ್ದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ. ಅದರ ಪ್ರಕಾರ ದಿನಕ್ಕೆ 8, ವಾರಕ್ಕೆ 48 ಗಂಟೆಗಳ ಕೆಲಸ. ದೂರದ ಮಾರ್ಗಗಳಲ್ಲಿ ಅನುಮತಿ ಪಡೆದು ದಿನಕ್ಕೆ 10, ವಾರಕ್ಕೆ 54 ಗಂಟೆಗಳವರೆಗೆ ವಿಸ್ತರಣೆ. ಐದು ಗಂಟೆಯ ದುಡಿಮೆಗೆ ಮುನ್ನ ಅರ್ಧ ಗಂಟೆಯ ಬಿಡುವು. ವಾರಕ್ಕೊಂದು ವಿಶ್ರಾಂತಿಯ ದಿನ. ಕಾರ್ಮಿಕರು ರಾತ್ರಿ ತಂಗಬೇಕಾದ ಸ್ಥಳಗಳಲ್ಲಿ ವಿಶ್ರಾಂತಿ ಕೊಠಡಿ ಒದಗಿಸುವ ಹೊಣೆಯೂ ಮಾಲೀಕರದಾಗಿತ್ತು. ನಿಲ್ದಾಣದಲ್ಲಿ 15 ನಿಮಿಷಕ್ಕಿಂತ ಕಡಿಮೆ ಕಾಯುವ ಅವಧಿಯನ್ನು ಬಿಡುವೆಂದು ಎಣಿಸದೆ ಕೆಲಸವೆಂದೇ ಎಣಿಸಲಾಗುತ್ತಿತ್ತು.

ಈ ನಿಯಮಗಳ ಬಲ ಮತ್ತು ಮಿತಿ ಎರಡನ್ನೂ ಹಾಸನ ಜಿಲ್ಲೆಯ ರಸ್ತೆಗಳಲ್ಲಿ ಕಾಣಬಹುದು. ಬೆಂಗಳೂರು ಮತ್ತು ಮಂಗಳೂರನ್ನು ಜೋಡಿಸುವ ರಾಷ್ಟ್ರೀಯ ಹೆದ್ದಾರಿ 75 ಚನ್ನರಾಯಪಟ್ಟಣ, ಹಾಸನ, ಸಕಲೇಶಪುರಗಳ ಮೂಲಕ ಶಿರಾಡಿ ಘಾಟಿಯನ್ನು ಇಳಿಯುತ್ತದೆ. 1974ರಲ್ಲಿ ಪ್ರಮುಖ ಬಂದರೆಂದು ಘೋಷಿತವಾದ ನವ ಮಂಗಳೂರು ಬಂದರಿನ ಸರಕಿಗೂ ಇದು ಮುಖ್ಯ ಮಾರ್ಗ. ಹಾಸನವು ಎರಡು ನಗರಗಳ ಹೆಚ್ಚುಕಡಿಮೆ ಅರ್ಧದಾರಿಯಲ್ಲಿದ್ದು, ತುಂಬಿದ ಲಾರಿಯ ಚಾಲಕನಿಗೆ ಘಾಟಿಗೆ ಮುನ್ನ ಉಂಡು ವಿರಮಿಸಲು ಸಹಜವಾದ ತಾಣ. ಮಳೆಗಾಲದಲ್ಲಿ ಮಣ್ಣು ಕುಸಿದು ಘಾಟಿಯ ಸಂಚಾರ ನಿಂತಾಗ ಲಾರಿಗಳು ಸಾಲುಗಟ್ಟಿ ಕಾಯುತ್ತವೆ. ಆಗ ಚಾಲಕ ವಾಹನ ನಡೆಸುತ್ತಿಲ್ಲವಾದರೂ ಸರಕನ್ನು ಬಿಟ್ಟು ಕದಲುವಂತಿಲ್ಲ. ಯಂತ್ರದ ಬಳಿಯೇ ಬುತ್ತಿ ಬಿಚ್ಚುತ್ತಿದ್ದ ಗಿರಣಿ ಕಾರ್ಮಿಕನಿಗೂ ಇವನಿಗೂ ಸ್ಥಿತಿಯಲ್ಲಿ ಹೋಲಿಕೆ ಇದೆ.

ಅರಕಲಗೂಡು ತಾಲ್ಲೂಕಿನ ಆಲೂಗಡ್ಡೆ ಮತ್ತು ಹೊಗೆಸೊಪ್ಪು, ಹೊಳೆನರಸೀಪುರದ ಭತ್ತ, ಚನ್ನರಾಯಪಟ್ಟಣದ ತೆಂಗು ಮಾರುಕಟ್ಟೆಗೆ ಹೋಗುವುದು ಬಹುಮಟ್ಟಿಗೆ ಸಣ್ಣ ಮಾಲೀಕರ ವಾಹನಗಳಲ್ಲಿ. 1961ರ ಕಾಯ್ದೆ ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಾರಿಗೆ ಸಂಸ್ಥೆಗಳಿಗೆ ಅನ್ವಯಿಸುವಂತೆ ರಚಿತವಾದುದರಿಂದ, ಒಂದೆರಡು ಲಾರಿಗಳ ಮಾಲೀಕನ ಬಳಿ ದುಡಿಯುವ ಅಥವಾ ತನ್ನ ಲಾರಿಯನ್ನು ತಾನೇ ನಡೆಸುವ ಚಾಲಕ ಅದರ ಹೊರಗೆ ಉಳಿದಿದ್ದ. ಮೂಟೆಯ ಲೆಕ್ಕದಲ್ಲಿ ಕೂಲಿ ಪಡೆಯುವ ಹಮಾಲರಿಗೆ ಬಿಡುವೆಂದರೆ ಕೂಲಿಯ ನಷ್ಟ. ಕಾರ್ಖಾನೆ, ಬಂದರು ಮತ್ತು ಮೋಟಾರು ಸಾರಿಗೆ ಕಾರ್ಮಿಕರ ಪ್ರತ್ಯೇಕ ಕಾಯ್ದೆಗಳನ್ನು 2020ರಲ್ಲಿ ಸಂಸತ್ತು ಅಂಗೀಕರಿಸಿದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯಲ್ಲಿ ಒಂದುಗೂಡಿಸಲಾಗಿದೆ.

ಸ್ಮರಣೆ

ಭಾರತ ಸರ್ಕಾರದ ಅಂಚೆ ಇಲಾಖೆ 2005ರಲ್ಲಿ ಲೋಖಂಡೆಯವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು. ಮುಂಬಯಿಯಲ್ಲಿರುವ ಮಹಾರಾಷ್ಟ್ರ ಸರ್ಕಾರದ ಕಾರ್ಮಿಕ ಅಧ್ಯಯನ ಸಂಸ್ಥೆಗೆ ಇವರ ಹೆಸರನ್ನು ಇಡಲಾಗಿದೆ.